ಡಿವೈಸ್ ಟ್ರೀಯಲ್ಲಿ ಈಥರ್ನೆಟ್ ಇಂಟರಪ್ಟ್ ಬರೆಯುವುದು ಹೇಗೆ?

ಹೊಸ ಬೋರ್ಡ್‌ನಲ್ಲಿ ಲಿನಕ್ಸ್ ಬೂಟ್ ಆಯಿತು. ಈಥರ್ನೆಟ್ ಡ್ರೈವರ್ ಬಂತು, ಲಿಂಕ್ ಕೂಡ ಬಂತು. ಆದರೆ ಪಿಂಗ್‌ಗೆ ಉತ್ತರವೇ ಇಲ್ಲ. ಇಂಥ ಹೊತ್ತಿನಲ್ಲಿ ಡ್ರೈವರ್ ಕೋಡ್ ತೆರೆಯುವ ಮೊದಲು ಡಿವೈಸ್ ಟ್ರೀಯ, ಅಂದರೆ ಬೋರ್ಡ್‌ನಲ್ಲಿ ಏನೇನಿದೆ ಎಂದು ಲಿನಕ್ಸ್‌ಗೆ ಹೇಳುವ ಫೈಲಿನ, ಇಂಟರಪ್ಟ್ ಸಾಲು ನೋಡಿ. ಇಂಟರಪ್ಟ್ ಅಂದರೆ ಹಾರ್ಡ್‌ವೇರ್ ಪ್ರೊಸೆಸರ್‌ನ ಗಮನ ಸೆಳೆಯಲು ಕೊಡುವ ಸಿಗ್ನಲ್. ಆ ಸಾಲಿನಲ್ಲಿರುವುದು ಎರಡು ಮೂರು ಅಂಕಿ ಅಷ್ಟೇ. ಒಂದು ತಪ್ಪಿದರೂ ಪ್ಯಾಕೆಟ್ ಬಂದ ಸುದ್ದಿ ಪ್ರೊಸೆಸರ್‌ಗೆ ಮುಟ್ಟುವುದಿಲ್ಲ. ಪಿಸಿಐ ಕಾರ್ಡ್ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ; ಚಿಪ್‌ನೊಳಗಿನ ಮ್ಯಾಕ್‌ಗೆ (ಪ್ಯಾಕೆಟ್ ಕಳಿಸಿ ಪಡೆಯುವ ಈಥರ್ನೆಟ್ ಭಾಗಕ್ಕೆ) ಆ ಸೌಲಭ್ಯವಿಲ್ಲ. ಅದರ ವೈರ್ ಎಲ್ಲಿಗೆ ಹೋಗಿದೆ ಎಂದು ನಾವೇ ಬರೆಯಬೇಕು.

ಮೊದಲು ವೈರ್ ಹುಡುಕಿ. ಸಾಮಾನ್ಯವಾಗಿ ಇಲ್ಲಿ ಎರಡು ಬೇರೆ ಬೇರೆ ಇಂಟರಪ್ಟ್ ಇರುತ್ತವೆ. ಮ್ಯಾಕ್‌ನದು ಚಿಪ್‌ನೊಳಗೇ ಇಂಟರಪ್ಟ್ ಕಂಟ್ರೋಲರ್‌ಗೆ ಹೋಗುತ್ತದೆ, ಅದರ ನಂಬರ್ ಚಿಪ್‌ನ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಕೇಬಲ್‌ನ ಸಿಗ್ನಲ್ ನೋಡಿಕೊಳ್ಳುವ ಫೈ ಚಿಪ್‌ನದು ಹೆಚ್ಚಾಗಿ ಒಂದು ಜಿಪಿಐಒ (ಬೇಕಾದ ಕೆಲಸಕ್ಕೆ ಬಳಸಬಹುದಾದ) ಪಿನ್‌ಗೆ ಹೋಗುತ್ತದೆ, ಅದನ್ನು ಬೋರ್ಡ್‌ನ ಸ್ಕೀಮ್ಯಾಟಿಕ್‌ನಲ್ಲಿ ನೋಡಬೇಕು. ಎರಡನ್ನೂ ಒಂದೇ ನೋಡ್‌ಗೆ (ಡಿವೈಸ್ ಟ್ರೀಯಲ್ಲಿ ಒಂದು ಸಾಧನದ ವಿವರಣೆಗೆ) ತುರುಕಬೇಡಿ. ಫೈನ ಸಾಲು ಎಂಡಿಐಒ (ಮ್ಯಾಕ್ ಫೈ ಜೊತೆ ಮಾತಾಡುವ ಬಸ್) ಕೆಳಗಿನ ಫೈ ನೋಡ್‌ನಲ್ಲೇ ಇರಲಿ.

ಆಮೇಲೆ 'ಇಂಟರಪ್ಟ್-ಪೇರೆಂಟ್', ಅಂದರೆ ವೈರ್ ಯಾವ ಕಂಟ್ರೋಲರ್‌ಗೆ ಹೋಗಿದೆ ಎಂದು ಹೇಳುವ ಸಾಲು. ನೋಡ್‌ನಲ್ಲಿ ಇದು ಇಲ್ಲದಿದ್ದರೆ ಕರ್ನಲ್ ಮೇಲಿನ ನೋಡ್‌ಗಳಲ್ಲಿ ಹುಡುಕುತ್ತಾ ಹೋಗುತ್ತದೆ. ಹಾಗಾಗಿ ಮ್ಯಾಕ್‌ಗೆ ಬರೆಯದಿದ್ದರೂ ಎಷ್ಟೋ ಸಲ ನಡೆಯುತ್ತದೆ. ಫೈಗೆ ಮಾತ್ರ ಅದರ ಜಿಪಿಐಒ ಕಂಟ್ರೋಲರ್ ಹೆಸರನ್ನು ಬರೆಯಲೇಬೇಕು. ಎಷ್ಟು ಅಂಕಿ ಕೊಡಬೇಕು ಅನ್ನುವುದನ್ನು ಆ ಕಂಟ್ರೋಲರ್‌ನ 'ಇಂಟರಪ್ಟ್-ಸೆಲ್ಸ್' ಹೇಳುತ್ತದೆ. ಆರ್ಮ್ ಪ್ರೊಸೆಸರ್‌ಗಳ ಇಂಟರಪ್ಟ್ ಕಂಟ್ರೋಲರ್ ಆದ ಜಿಐಸಿಗೆ ಸಾಮಾನ್ಯವಾಗಿ 3, ಜಿಪಿಐಒಗೆ ಹೆಚ್ಚಾಗಿ 2.

ಜಿಐಸಿಯ ಮೊದಲ ಅಂಕಿ ಬಗೆ: 0 ಅಂದರೆ ಎಲ್ಲ ಕೋರ್‌ಗಳಿಗೂ ಸೇರಿದ ಶೇರ್ಡ್ ಇಂಟರಪ್ಟ್, 1 ಅಂದರೆ ಒಂದೊಂದು ಕೋರ್‌ಗೆ ಮೀಸಲು. ಮ್ಯಾಕ್‌ಗೆ 0. ಎರಡನೆಯದು ನಂಬರ್. ತುಂಬಾ ಜನ ಜಾರುವುದು ಇಲ್ಲೇ. ಶೇರ್ಡ್ ಇಂಟರಪ್ಟ್‌ಗಳು ಜಿಐಸಿಯಲ್ಲಿ 32ರಿಂದ ಶುರುವಾಗುತ್ತವೆ, ಡಿವೈಸ್ ಟ್ರೀಯಲ್ಲಿ 0ಯಿಂದ. ಮ್ಯಾನ್ಯುಯಲ್ ಜಿಐಸಿ ನಂಬರ್ 88 ಎಂದು ಕೊಟ್ಟಿದ್ದರೆ ನೀವು 56 ಬರೆಯಬೇಕು. ಆದರೆ ಕೆಲವು ಮ್ಯಾನ್ಯುಯಲ್‌ಗಳು 32 ಕಳೆದ ನಂಬರನ್ನೇ ಕೊಡುತ್ತವೆ. ಪಟ್ಟಿ ಎಲ್ಲಿಂದ ಶುರುವಾಗಿದೆ ಎಂದು ನೋಡದೆ ಸುಮ್ನೆ ಕಳೆಯಬೇಡಿ.

ಮೂರನೆಯದು ಸಿಗ್ನಲ್‌ನ ರೀತಿ: 1 ಏರುವ ಎಡ್ಜ್, 2 ಇಳಿಯುವ ಎಡ್ಜ್, 4 ಹೈ ಲೆವೆಲ್, 8 ಲೋ ಲೆವೆಲ್. ಎಡ್ಜ್ ಅಂದರೆ ಸಿಗ್ನಲ್ ಬದಲಾಗುವ ಕ್ಷಣ, ಲೆವೆಲ್ ಅಂದರೆ ಅದು ಇರುವ ಸ್ಥಿತಿ. ಮ್ಯಾಕ್‌ಗೆ ಸಾಮಾನ್ಯವಾಗಿ 4. ಜಿಐಸಿಯ ಶೇರ್ಡ್ ಇಂಟರಪ್ಟ್‌ಗಳಿಗೆ 2 ಮತ್ತು 8 ನಡೆಯುವುದಿಲ್ಲ. ಫೈಗಳಲ್ಲಿ ಹೆಚ್ಚಿನವು ಪಿನ್ ಅನ್ನು ಕೆಳಗೆಳೆದು, ಕಾರಣವನ್ನು ಓದಿ ಅಳಿಸುವ ತನಕ ಹಾಗೇ ಹಿಡಿದಿರುತ್ತವೆ. ಆದ್ದರಿಂದ ಜಿಪಿಐಒಗೆ ಹೋಗುವ ಅವುಗಳ ಸಾಲಿನಲ್ಲಿ ಕೊನೆಯ ಅಂಕಿ 8 ಸರಿ. 2 ಹಾಕಿದರೂ ಮೇಲ್ನೋಟಕ್ಕೆ ಕೆಲಸ ನಡೆಯುತ್ತದೆ, ಅಪಾಯ ಇರುವುದೇ ಅಲ್ಲಿ. ಪಿನ್ ಕೆಳಗಿರುವಾಗಲೇ ಇನ್ನೊಂದು ಘಟನೆ ಬಂದರೆ ಹೊಸ ಎಡ್ಜ್ ಹುಟ್ಟುವುದಿಲ್ಲ. ಕೇಬಲ್ ಕಿತ್ತ ಸುದ್ದಿ ಯಾವತ್ತೋ ಒಂದು ದಿನ ಕಳೆದುಹೋಗುತ್ತದೆ. ಡ್ರೈವರ್‌ಗೆ ಹಿಡಿಸಿತು ಅಂತ ಅಂಕಿ ಆರಿಸಬೇಡಿ, ಹಾರ್ಡ್‌ವೇರ್ ಹೇಗಿದೆಯೋ ಹಾಗೆ ಬರೆಯಿರಿ. ವೈರೇ ಇಲ್ಲದಿದ್ದರೆ ಫೈಗೆ ಆ ಸಾಲೇ ಬೇಡ. ಲಿನಕ್ಸ್ ಸೆಕೆಂಡಿಗೊಮ್ಮೆ ತಾನೇ ಹೋಗಿ ಲಿಂಕ್ ನೋಡುತ್ತದೆ.

ಒಂದಕ್ಕಿಂತ ಜಾಸ್ತಿ ಇಂಟರಪ್ಟ್ ಇದ್ದರೆ 'ಇಂಟರಪ್ಟ್-ನೇಮ್ಸ್' ಸೇರಿಸಿ. ಹೆಸರುಗಳು ಬೈಂಡಿಂಗ್‌ನ (ನೋಡ್‌ನಲ್ಲಿ ಏನೇನು ಬರೆಯಬೇಕು ಎಂದು ಹೇಳುವ ನಿಯಮದ) ಯಾಮಲ್ ಫೈಲಿನಲ್ಲಿ ಇರುವಂತೆಯೇ, ಅಂಕಿಗಳ ಕ್ರಮದಲ್ಲೇ ಇರಬೇಕು. ಸಿನಾಪ್ಸಿಸ್ ಕಂಪನಿಯ ಮ್ಯಾಕ್‌ಗೆ ಮುಖ್ಯ ಹೆಸರು 'ಮ್ಯಾಕ್‌ಐಆರ್‌ಕ್ಯು'. ಡ್ರೈವರ್ ಹುಡುಕುವುದು ಹೆಸರಿನಿಂದ, ಒಂದಕ್ಷರ ತಪ್ಪಿದರೂ ಸಿಗುವುದಿಲ್ಲ. ಬರೆದು ಮುಗಿದ ಮೇಲೆ 'ಮೇಕ್ ಡಿಟಿಬಿಎಸ್_ಚೆಕ್' ಓಡಿಸಿ. ಅದು ಹೆಸರಿನ ತಪ್ಪು ಹಿಡಿಯುತ್ತದೆ, ತಪ್ಪು ನಂಬರನ್ನು ಹಿಡಿಯುವುದಿಲ್ಲ.

ನಂಬರ್ ಪರೀಕ್ಷೆ ಬೋರ್ಡ್‌ನಲ್ಲೇ ಆಗಬೇಕು. ಇಂಟರ್‌ಫೇಸ್ ಎಬ್ಬಿಸಿ, ಪ್ರಾಕ್ ಡೈರೆಕ್ಟರಿಯ 'ಇಂಟರಪ್ಟ್ಸ್' ಫೈಲ್ ನೋಡಿ. ಸಾಲಿನ ಶುರುವಿನಲ್ಲಿರುವುದು ಲಿನಕ್ಸ್‌ನ ಸ್ವಂತ ನಂಬರ್, ಅದನ್ನು ಬಿಡಿ. ಜಿಐಸಿ ಹೆಸರಿನ ಪಕ್ಕದ್ದು ನಿಮಗೆ ಬೇಕಾದದ್ದು. 56 ಬರೆದಿದ್ದರೆ ಅಲ್ಲಿ 88 ಕಾಣಬೇಕು. ಪಿಂಗ್ ಮಾಡುತ್ತಾ ಎಣಿಕೆ ಏರುತ್ತಿದೆಯಾ ನೋಡಿ. ಕೇಬಲ್ ಕಿತ್ತು ಹಾಕಿದರೆ ಫೈನ ಎಣಿಕೆಯೂ ಏರಬೇಕು. ಬದಲಿಗೆ ಎಣಿಕೆ ಹುಚ್ಚೆದ್ದು ಓಡಿ, ಲಾಗ್‌ನಲ್ಲಿ 'ನೋಬಡಿ ಕೇರ್ಡ್' ಎಂದು ಬಂದರೆ ಕರ್ನಲ್ ಆ ಲೈನನ್ನೇ ಮುಚ್ಚಿಬಿಟ್ಟಿದೆ. ಆಗ ಮೊದಲು ಅನುಮಾನಿಸಬೇಕಾದದ್ದು ಲೋ ಇರಬೇಕಾದ ಕಡೆ ಹೈ ಎಂದು ಬರೆದಿರುವುದನ್ನು.