ಪಂಕ್ ಎಲ್‌ಪಿಯನ್ನು ಕಂಪ್ಯೂಟರಿಗೆ ಇಳಿಸಿದ ಬಗೆ

ಗೆಳೆಯನೊಬ್ಬ ತನ್ನ ಹತ್ತಿರವಿದ್ದ ‘ಫ್ಲೆಕ್ಸ್ ಯುವರ್ ಹೆಡ್’ ಎಲ್‌ಪಿ (ಸೂಜಿ ಇಟ್ಟು ಕೇಳುವ ದೊಡ್ಡ ತಟ್ಟೆ ರೆಕಾರ್ಡ್) ಕೊಟ್ಟು, ಕಂಪ್ಯೂಟರಿಗೆ ಹಾಕಿಕೊಡು ಅಂದ. ಖುಷಿಯಿಂದ ಒಪ್ಪಿಕೊಂಡೆ. ಡಿಸ್ಕಾರ್ಡ್ ರೆಕಾರ್ಡ್ಸ್ ಅನ್ನುವ ಪುಟ್ಟ ಕಂಪನಿ 1982ರಲ್ಲಿ ತಂದ ಪಂಕ್, ಅಂದರೆ ಜೋರಾದ, ವೇಗದ, ಒರಟು ರಾಕ್ ಹಾಡುಗಳ ಸಂಕಲನ ಇದು. ವಾಷಿಂಗ್ಟನ್ ಡಿ.ಸಿ. ಸುತ್ತಲಿನ 11 ಬ್ಯಾಂಡುಗಳು, 32 ಹಾಡುಗಳು. ಟೀನ್ ಐಡಲ್ಸ್‌ನಂಥ ಬ್ಯಾಂಡುಗಳು ಅಷ್ಟರಲ್ಲಾಗಲೇ ಮುರಿದುಬಿದ್ದಿದ್ದವು. ಈ ಹುಡುಗರು ದೊಡ್ಡ ಕಂಪನಿ ಕರೆಯಲಿ ಅಂತ ಕಾಯಲಿಲ್ಲ. ಆರ್ಲಿಂಗ್ಟನ್‌ನಲ್ಲಿ ಡಾನ್ ಝೀಂಟಾರಾ ತಮ್ಮ ಮನೆಯ ನೆಲಮಾಳಿಗೆಯಲ್ಲೇ ನಡೆಸುತ್ತಿದ್ದ ಇನ್ನರ್ ಇಯರ್ ಸ್ಟುಡಿಯೋಗೆ ಹೋಗಿ ಬಾರಿಸಿ ಬಂದರು.

ಮೊದಲು ಕ್ಲೀನಿಂಗ್. ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿದ ಮೆತ್ತನೆ ಬ್ರಷ್ಷನ್ನು ಗೆರೆ ಹೋದ ಕಡೆಗೇ ಓಡಿಸಬೇಕು, ಅಡ್ಡಡ್ಡ ಉಜ್ಜಬಾರದು. ಆಮೇಲೆ ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್, ಅದರ ಸಣ್ಣ ಸದ್ದನ್ನು ಏರಿಸುವ ಫೋನೋ ಪ್ರೀಆಂಪ್, ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಆಡಿಯೋ ಇಂಟರ್‌ಫೇಸ್, ಕೊನೆಗೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿ. ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 96 ಕಿಲೋಹರ್ಟ್ಸ್. ಎಷ್ಟೇ ಜೋರಾದರೂ ಮೀಟರ್ ಮೈನಸ್ 6 ಡೆಸಿಬಲ್ ದಾಟಬಾರದು.

ಯಾವ ರೆಕಾರ್ಡಿಗಾದರೂ ಇಷ್ಟು ಮಾಡಲೇಬೇಕು. ಪಂಕ್‌ಗೆ ಅಲ್ಲಿಂದಾಚೆ ಬೇರೆ ಲೆಕ್ಕ. ಇದೇ ಎಲ್‌ಪಿಯಲ್ಲಿರುವ ವಾಯ್ಡ್ ಬ್ಯಾಂಡಿನ ಒಂದು ಹಾಡಿನ ಮೇಲೆ, ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ. ಗಿಟಾರಿನ ಕಿರುಚಾಟವನ್ನೂ ಸಿಂಬಲ್‌ನ ಝಲ್ ಸದ್ದನ್ನೂ ಸಾಫ್ಟ್‌ವೇರ್ ಗದ್ದಲ ಅಂತಲೇ ತಿಳಿಯಿತು. ನೀರೊಳಗಿಂದ ಕೇಳಿದಂತಾಯಿತು. ತಕ್ಷಣ ತೆಗೆದುಹಾಕಿದೆ. ಗೀರಿನಿಂದ ಬರುವ ‘ಕ್ಲಿಕ್’ ಸದ್ದನ್ನು ತಾನಾಗಿ ತೆಗೆಯುವ ಆಯ್ಕೆಯೂ ಇಲ್ಲಿ ಬೇಡ, ಸ್ನೇರ್ ಡ್ರಮ್ಮಿನ ಏಟಿನ ಮೊನೆಯನ್ನೇ ಅದು ಸವೆಸಿಬಿಡುತ್ತೆ. ಪರದೆ ಮೇಲೆ ಕಾಣುವ ಸದ್ದಿನ ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಗೀರಿನ ಸದ್ದು ಸೂಜಿಯಂತೆ ಒಂಟಿಯಾಗಿ ನಿಂತಿರುತ್ತೆ. ಡ್ರಮ್ಮಿನ ಏಟಿಗೆ ಹಿಂದೆ ಬಾಲ ಇರುತ್ತೆ. ಗೀರನ್ನಷ್ಟೇ ಆರಿಸಿ ಕೈಯಾರೆ ಸರಿಮಾಡಿದೆ. ಸಮಯ ಜಾಸ್ತಿ ಹಿಡಿಯಿತು, ಆದರೆ ಏಟು ಉಳಿಯಿತು.

ಇನ್ನು ಹಾಡುಗಳನ್ನು ಬಿಡಿಸುವುದು. ಸುಮಾರು ಹಾಡುಗಳು ಒಂದು, ಒಂದೂವರೆ ನಿಮಿಷದವು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಶುರು. ಬ್ಯಾಂಡಿನಿಂದ ಬ್ಯಾಂಡಿಗೆ ಸದ್ದಿನ ಮಟ್ಟವೂ ಬೇರೆ. ಪ್ರತಿ ಹಾಡನ್ನೂ ಒಂದೇ ಮಟ್ಟಕ್ಕೆ ತಂದರೆ ಆ ವ್ಯತ್ಯಾಸವೇ ಅಳಿಸಿಹೋಗುತ್ತೆ ಅಲ್ವಾ? ಒಂದು ಊರಿನ ಹುಡುಗರು ಒಬ್ಬರ ಹಿಂದೊಬ್ಬರು ಬಂದು ಬಾರಿಸಿದ್ದು ಕೇಳಿಸಬೇಕು ಅನ್ನುವುದೇ ನನ್ನ ಆಸೆ. ಹಾಗಾಗಿ ರೆಕಾರ್ಡಿನ ಒಂದೊಂದು ಬದಿಗೆ ಒಂದೇ ಫೈಲ್ ಮಾಡಿ, ಎರಡಕ್ಕೂ ಒಂದೇ ಅಳತೆಯಲ್ಲಿ ಸದ್ದು ಏರಿಸಿದೆ. ಹಾಡು ಎಲ್ಲಿ ಶುರು, ಯಾರದು ಅನ್ನುವ ವಿವರ ಕ್ಯೂ ಫೈಲ್ ಅನ್ನುವ ಪುಟ್ಟ ಪಠ್ಯ ಫೈಲಿನಲ್ಲಿದೆ. ಬೇಕಾದ ಹಾಡಿಗೆ ನೇರ ಹೋಗಬಹುದು, ನಡುವೆ ಕತ್ತರಿ ಬೀಳುವುದಿಲ್ಲ.