ಬಿಸಿಲಿನ ಹಿಂದೆ ಹೊರಸು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗಿದ್ದೆ. ಪಕ್ಕದ ಮನೆಯ ಚಾಚಾ ಗೋಡೆ ಮೇಲಿಂದ ಇಣುಕಿ, "ಕ್ಯಾ ಭಾಯಿ, ತಬಿಯತ್ ಠೀಕ್ ನಹೀಂ ಕ್ಯಾ?" ಅಂದರು. ಆರಾಮ ಇದ್ದೀನಿ ಚಾಚಾ, ಸುಮ್ನೆ ಮಲಗಿದ್ದೀನಿ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅರ್ಧ ಗಂಟೆ ಬಿಟ್ಟು ಅವರ ಮೊಮ್ಮಗ ಒಂದು ಬುಟ್ಟಿ ಸೀತಾಫಲ ತಂದಿಟ್ಟು ಹೋದ. ಹಾಸಿಗೆ ಹಿಡಿದವರಿಗೆ ಹಣ್ಣು ಕಳಿಸಿದ ಹಾಗೆ.

ಚಾಚಾನದೇನೂ ತಪ್ಪಿಲ್ಲ. ಬೀದರ್‌ನ ನಮ್ಮ ಓಣಿಯಲ್ಲಿ ನಾನು ಹಗಲು ಹೊತ್ತು ಮನೆಯಲ್ಲಿ ಕಾಣಿಸುವುದೇ ಅಪರೂಪ. ನೌಕರಿ ಹೈದರಾಬಾದ್‌ನಲ್ಲಿ. ಸುಮಾರು 140 ಕಿಲೋಮೀಟರ್ ದಾರಿ. ಶುಕ್ರವಾರ ರಾತ್ರಿ ಬರುತ್ತೇನೆ, ಭಾನುವಾರ ರಾತ್ರಿ ಹೊರಡುತ್ತೇನೆ. ನಡುವಿನ ಎರಡು ದಿನದಲ್ಲಿ ಗ್ಯಾಸ್ ಬುಕ್ ಮಾಡುವುದು, ಸಂತೆ, ಯಾರದೋ ಮದುವೆ, ಯಾರದೋ ಮಗುವಿನ ಜವಳ. ಅದರ ಮೇಲೆ ದಸರಾ ಮುಗಿದು ಹವೆ ತಂಪಾಯಿತೋ, ಬೆಂಗಳೂರು-ಪುಣೆಯ ನೆಂಟರಿಗೆ ಬೀದರ್ ನೆನಪಾಗುತ್ತದೆ. ಹೋದ ವರ್ಷ ಅಕ್ಟೋಬರ್-ನವೆಂಬರ್‌ನಲ್ಲೇ ಮೂರು ಸಲ ಕೋಟೆ ತೋರಿಸಿದೆ. ರಂಗೀನ್ ಮಹಲ್‌ನ ಮುತ್ತಿನ ಚಿಪ್ಪಿನ ಕೆಲಸದ ಮುಂದೆ ನಿಂತು ಮೂರು ಸಲ ಫೋಟೋ ತೆಗೆದೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ, ಆಮೇಲೆ ಬಿದರಿ ಕೆಲಸದ ಅಂಗಡಿ. ಕೋಟೆಯ ಮಣ್ಣಿನಿಂದಲೇ ಬಿದರಿಗೆ ಆ ಕಪ್ಪು ಬರುವುದು ಅಂತ ಹೇಳಿ ಹೇಳಿ ಗೈಡ್‌ಗಿಂತ ಚೆನ್ನಾಗಿ ಬಾಯಿಪಾಠವಾಗಿದೆ. ಊರಿನ ಬಗ್ಗೆ ಹೆಮ್ಮೆ ಇದೆ, ಇಲ್ಲ ಅಂತಿಲ್ಲ. ಆದರೆ ನಮ್ಮ ಕಡೆ ಹಿತವಾದ ಹವೆ ಇರುವುದೇ ವರ್ಷದಲ್ಲಿ ಒಂದಿಷ್ಟು ದಿನ. ಅದನ್ನೆಲ್ಲ ಬೇರೆಯವರಿಗೇ ತೋರಿಸಿ ಮುಗಿಸಿಬಿಟ್ಟರೆ ಹೇಗೆ?

ಅದಕ್ಕೇ ಈ ಸಲ ದಸರಾಕ್ಕೂ ದೀಪಾವಳಿಗೂ ನಡುವಿನ ಒಂದು ಶನಿವಾರ-ಭಾನುವಾರ ಮನೆ ಬಾಗಿಲು ದಾಟುವುದಿಲ್ಲ ಅಂತ ಹಟ ಹಿಡಿದೆ.

ಮೊದಲು ಮನಸ್ಸಿನಲ್ಲಿದ್ದ ಚಿತ್ರ ಬೇರೆ ಇತ್ತು. ಕಿಟಕಿ ಮುಚ್ಚಿ, ಪರದೆ ಎಳೆದು, ಕೌದಿ ಹೊದ್ದು, ಬಿಸಿ ಬಿಸಿ ಭಜಿ ತಿನ್ನುವುದು. ಎರಡು ಕಡೆ ಅದು ಕೈಕೊಟ್ಟಿತು. ಒಂದು, ಭಜಿ. ಹೆಂಡತಿ ಶಾಲೆ ಟೀಚರ್, ವಾರವಿಡೀ ನಿಂತೇ ಇರುವವಳು. ನನ್ನ ಯೋಜನೆ ಕೇಳಿ, "ನೀವು ಆರಾಮ ಕುಂತು ಭಜಿ ತಿಂತೀರಿ, ಒಲಿ ಮುಂದ ನಾ ನಿಂದರಬೇಕು. ಇದ್ರಕಿಂತ ಮಂದಿಗಿ ಕ್ವಾಟಿ ತೋರ್ಸೋದೇ ಛಲೋ ರೀ" ಅಂದಳು. ಖರೆ ಮಾತು. ಮನೆಯಲ್ಲಿ ಒಬ್ಬರ ಆರಾಮ ಇನ್ನೊಬ್ಬರ ತಲೆ ಮೇಲೆ ಕೂತರೆ ಅದೆಂಥ ಆರಾಮ? ಅವತ್ತೇ ಒಪ್ಪಂದ ಆಯಿತು. ಎರಡು ದಿನ ರೊಟ್ಟಿ ಬಡಿಯುವುದಿಲ್ಲ. ನಾಷ್ಟಾ ನನ್ನದು. ಪುಂಡಿ ಪಲ್ಯ ಶನಿವಾರ ಒಂದೇ ಸಲ, ದೊಡ್ಡ ಪಾತ್ರೆಯಲ್ಲಿ, ಇಬ್ಬರೂ ಸೇರಿ.

ಎರಡನೆಯದು, ಮನೆ. ನಮ್ಮದು ಹಳೆ ಮನೆ, ಕೆಂಪು ಕಲ್ಲಿನ ದಪ್ಪ ಗೋಡೆ, ನೆಲಕ್ಕೆ ಶಹಾಬಾದ್ ಫರ್ಸಿ. ಕಟ್ಟಿದವರ ತಲೆಯಲ್ಲಿ ಇದ್ದದ್ದು ಒಂದೇ: ಬಿಸಿಲು ಒಳಗೆ ಬರಬಾರದು. ಮೇ ತಿಂಗಳಿನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಆ ಫರ್ಸಿ ಮೇಲೆ ಅಂಗಾತ ಮಲಗಿದರೆ ಸ್ವರ್ಗ. ಅಕ್ಟೋಬರ್ ಕೊನೆಯ ಬೆಳಿಗ್ಗೆ ಅದೇ ಫರ್ಸಿ ಮೇಲೆ ಕಾಲಿಟ್ಟರೆ ಅಂಗಾಲಿನಿಂದ ತಲೆವರೆಗೆ ಝುಂ ಅನ್ನುತ್ತದೆ. ಮಳೆಗಾಲ ಮುಗಿದು ಮೋಡ ಸರಿದ ಮೇಲೆ ಹಗಲಿನ ಕಾವು ರಾತ್ರಿ ಪೂರಾ ಆಕಾಶಕ್ಕೆ ಹೋಗಿಬಿಡುತ್ತದಲ್ಲ, ಅದಕ್ಕೆ ಹಗಲು ಬೆಚ್ಚಗೆ, ಬೆಳಗಿನ ಜಾವ ಥಂಡಿ. ಬೀದರ್ ಕಲಬುರಗಿಗಿಂತ 200 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ, ಥಂಡಿ ಇನ್ನೂ ಒಂದು ಕೈ ಮುಂದೆ. ಅವತ್ತು ಬೆಳಿಗ್ಗೆ ಫೋನ್ 17 ಡಿಗ್ರಿ ತೋರಿಸುತ್ತಿತ್ತು. ಅಂಥಾದ್ದರಲ್ಲಿ ಪರದೆ ಎಳೆದುಕೊಂಡು ಒಳಗೆ ಕೂತರೆ ನೆಲಮಾಳಿಗೆಯಲ್ಲಿ ಕೂತ ಹಾಗೆ.

ದಾರಿ ತೋರಿಸಿದ್ದು ನಮ್ಮ ಬೆಕ್ಕು. ಅದು ಬೆಳಿಗ್ಗೆ ಕಟ್ಟೆ ಮೇಲೆ, ಹನ್ನೊಂದಕ್ಕೆ ಅಂಗಳದಲ್ಲಿ, ಊಟದ ಹೊತ್ತಿಗೆ ಪಡಸಾಲೆಯ ದಕ್ಷಿಣ ಬಾಗಿಲಲ್ಲಿ, ನಾಲ್ಕಕ್ಕೆ ಮಾಳಿಗೆ ಮೇಲೆ. ಇಷ್ಟು ವರ್ಷ ಬರೀ ಅಲೆಮಾರಿ ಬೆಕ್ಕು ಅಂದುಕೊಂಡಿದ್ದೆ. ಅದು ಬಿಸಿಲಿನ ಹಿಂದೆ ಹೋಗುತ್ತಿತ್ತು. ಎಂಟು ತಿಂಗಳು ಬಿಸಿಲಿನಿಂದ ಓಡುವ ನಮಗೆ ಈ ಕಾಲದಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕು ಅನ್ನುವುದು ಹೊಳೆದೇ ಇರಲಿಲ್ಲ. ನಾನೂ ಹೊರಸು ಹೊತ್ತುಕೊಂಡು ಬೆಕ್ಕಿನ ಹಿಂದೆ ಹೊರಟೆ.

ಆ ದಕ್ಷಿಣ ಬಾಗಿಲಿನ ಮಾತು ಸ್ವಲ್ಪ ಹೇಳಬೇಕು. ಬೇಸಿಗೆಯ ನಡುಹಗಲಿನಲ್ಲಿ ಸೂರ್ಯ ನಮ್ಮ ನೆತ್ತಿ ಮೇಲೇ ಇರುತ್ತಾನೆ, ಬಿಸಿಲು ಹೊಸ್ತಿಲಿನ ಹೊರಗೇ ನಿಲ್ಲುತ್ತದೆ. ಸೆಪ್ಟೆಂಬರ್ ದಾಟಿದ ಮೇಲೆ ಅವನು ದಕ್ಷಿಣಕ್ಕೆ ವಾಲುತ್ತಾ ಹೋಗುತ್ತಾನೆ. ಆಗ ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಮಗಳು ಸೀಮೆಸುಣ್ಣ ತಂದು ಫರ್ಸಿ ಮೇಲೆ ಅವತ್ತು ಬಿಸಿಲು ಎಲ್ಲಿಯವರೆಗೆ ಬಂತು ಅಂತ ಗೆರೆ ಹಾಕಿದಳು. ಡಿಸೆಂಬರ್ ಹೊತ್ತಿಗೆ ಅದು ಇನ್ನೂ ಒಳಗೆ ಬರುತ್ತದೆ ಅಂದೆ. "ಎಷ್ಟು ಗೇಣು?" ಅಂತ ಕೇಳಿದಳು. ಉತ್ತರ ನನಗೂ ಗೊತ್ತಿರಲಿಲ್ಲ. ವಾರಕ್ಕೊಂದು ಗೆರೆ ಹಾಕು ಅಂದೆ. ನೆಲ ಒರೆಸುವಾಗ ಅಳಿಸಬೇಡಿ ಅಂತ ಅವಳು ನನ್ನ ಅವ್ವನಿಗೆ ತಾಕೀತು ಮಾಡಿದಳು.

ನಾಷ್ಟಾಕ್ಕೆ ಸುಸ್ಲಾ. ನನಗೆ ನೆಟ್ಟಗೆ ಬರುವ ಅಡುಗೆ ಇದೊಂದೇ. ಚುರುಮುರಿಯನ್ನು ನೀರಿಗೆ ಹಾಕಿ ಅದ್ದಿದ ಕೂಡಲೇ ತೆಗೆದು ಹಿಂಡಬೇಕು. ನೀರಲ್ಲಿ ಬಿಟ್ಟು ಫೋನ್ ನೋಡಲು ಹೋದರೆ ಅಂಟಾಗುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನದ ಒಗ್ಗರಣೆ, ಮೇಲೆ ಪುಠಾಣಿ ಹಿಟ್ಟು. ಹಿಟ್ಟು ಕೊನೆಗೆ, ಒಲೆ ಆರಿಸಿದ ಮೇಲೆ. ಕಟ್ಟೆ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ತಟ್ಟೆ ಹಿಡಿದು ಕೂತೆವು. ಒಂಬತ್ತಕ್ಕೆ ಕಟ್ಟೆಗೆ ನೆರಳು ಬಂತು, ಚಹಾ ಅಂಗಳಕ್ಕೆ ಹೋಯಿತು.

ಹಸಿ ಶೇಂಗಾ ಆಗಷ್ಟೇ ಹೊಲದಿಂದ ಬರುತ್ತಿದ್ದ ಕಾಲ. ಮಣ್ಣು ಹೋಗುವ ತನಕ ಮೂರ್ನಾಲ್ಕು ನೀರಿನಲ್ಲಿ ತಿಕ್ಕಿ ತೊಳೆದೆ. ಉಪ್ಪು ಸ್ವಲ್ಪ ಧಾರಾಳವಾಗಿಯೇ ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ. ಹಿಂದೆಲ್ಲ ಕುದ್ದ ಕೂಡಲೇ ನೀರು ಬಸಿದುಬಿಡುತ್ತಿದ್ದೆ, ಕಾಳು ಸಪ್ಪೆ ಆಗುತ್ತಿತ್ತು. ಅದೇ ಉಪ್ಪುನೀರಲ್ಲಿ ಅರ್ಧ ತಾಸು ಬಿಟ್ಟರೆ ಸಿಪ್ಪೆಯೊಳಗೆ ರಸ ಇಳಿಯುತ್ತದೆ. ಒಂದು ಬುಟ್ಟಿ ಶೇಂಗಾ, ಸಿಪ್ಪೆ ಹಾಕಲು ಒಂದು ಹಳೆ ಮೊರ. ಮಧ್ಯಾಹ್ನ ಅದರಲ್ಲೇ ಕಳೆಯಿತು.

ಆದರೆ ಆ ಎರಡು ದಿನದ ದೊಡ್ಡ ಕೆಲಸ ಅಂದರೆ ಕೌದಿ. ಕೆಲಸ ಅಲ್ಲದ ಕೆಲಸ ಅನ್ನಿ.

ನಮ್ಮ ಮನೆಯಲ್ಲಿ ಐದು ಕೌದಿ ಇವೆ. ಚಳಿ ಬರುವ ಮೊದಲು ಟ್ರಂಕಿನಿಂದ ತೆಗೆದರೆ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಹನ್ನೊಂದು ಗಂಟೆಗೆ ಎಲ್ಲವನ್ನೂ ಮಾಳಿಗೆಗೆ ಹೊತ್ತು ಹಾಸಿದೆವು. ಒಂದೂವರೆಗೆ ಮಗುಚಿ ಹಾಕಿ, ಕೋಲಿನಿಂದ ಬಡಿದು, ನಾಲ್ಕಕ್ಕೆ ಒಳಗೆ ತಂದೆವು. ಈ ನಾಲ್ಕು ಗಂಟೆ ಅನ್ನುವುದು ಅವ್ವನ ಕಟ್ಟುನಿಟ್ಟು. ಹೊತ್ತು ಮುಳುಗುವ ತನಕ ಬಿಟ್ಟರೆ ಥಂಡಿ ಕುಡಿದು ಮತ್ತೆ ಮೆತ್ತಗಾಗುತ್ತವೆ, ಹಗಲಿಡೀ ಒಣಗಿಸಿದ್ದು ದಂಡ. ಬಿಸಿ ಇರುವಾಗಲೇ ಮಡಚಿ ಒಂದರ ಮೇಲೊಂದು ಇಟ್ಟರೆ ರಾತ್ರಿ ಹೊದೆಯುವಾಗಲೂ ಒಳಗೆ ಕಾವು ಉಳಿದಿರುತ್ತದೆ. ಕೌದಿ ಬೆಚ್ಚಗಿರುವುದು ಬಟ್ಟೆ ದಪ್ಪ ಅಂತಲ್ಲ. ಪದರ ಪದರದ ನಡುವೆ ಗಾಳಿ ನಿಂತಿರುತ್ತದಲ್ಲ, ಅದರಿಂದ. ಬಿಸಿಲಿಗೆ ಹಾಕಿ ಬಡಿದಾಗ ಅಂಟಿಕೊಂಡ ಪದರ ಬಿಡಿಸಿಕೊಂಡು ಮತ್ತೆ ಉಬ್ಬುತ್ತವೆ. ಅಂಗಡಿಯಿಂದ ತಂದ ರಗ್ಗು ನಮ್ಮಲ್ಲೂ ಇದೆ. ಬೆಚ್ಚಗೇನೋ ಆಗುತ್ತದೆ, ಆದರೆ ಮೈಮೇಲೆ ಭಾರ ಬೀಳುವುದಿಲ್ಲ. ಆ ಭಾರ ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಒಂದು ಕೌದಿಯ ಮೂಲೆ ಹರಿದಿತ್ತು. ಮೇಲಿನ ಸೀರೆ ಸವೆದು ಒಳಗಿನ ಬಿಳಿ ಬಟ್ಟೆ ಇಣುಕುತ್ತಿತ್ತು. "ನಿಮ್ಮಪ್ಪಂದು ಧೋತ್ರ ಅದು" ಅಂದಳು ಅವ್ವ, ಏನೂ ವಿಶೇಷ ಇಲ್ಲದ ಹಾಗೆ. ಅವಳಿಗೆ ಈಗ ಸೂಜಿ ಪೋಣಿಸಲು ಕಣ್ಣು ಕಾಣುವುದಿಲ್ಲ. ನಾನೇ ಹೊಲಿಯುತ್ತೇನೆ ಅಂದೆ. ನಕ್ಕಳು. ಆದರೂ ಹೇಳಿಕೊಟ್ಟಳು.

ತೇಪೆಗೆ ಮಗಳ ಹಳೆ ಫ್ರಾಕು. ಮೊದಲು ಒಂದು ಸಲ ತೊಳೆದು ಒಣಗಿಸಿದ ಬಟ್ಟೆಯೇ ಆಗಬೇಕು. ಹೊಸ ಬಟ್ಟೆ ಹಾಕಿದರೆ ಮುಂದೆ ನೀರಿಗೆ ಬಿದ್ದಾಗ ಅದು ಕುಗ್ಗಿ ಸುತ್ತಲಿನದನ್ನೂ ಎಳೆಯುತ್ತದೆ. ಅಂಚನ್ನು ಅರ್ಧ ಬೆರಳಷ್ಟು ಒಳಗೆ ಮಡಚಿ, ನಾಲ್ಕೂ ಕಡೆ ಉದ್ದುದ್ದ ಹೊಲಿಗೆ ಹಾಕಿ ಮೊದಲು ನಿಲ್ಲಿಸಿಕೊಳ್ಳಬೇಕು. ಆಮೇಲೆ ಅಂಚಿನಿಂದ ಸುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬರಬೇಕು, ಸೂಜಿ ಎಲ್ಲ ಪದರ ದಾಟಿ ಕೆಳಗೆ ಇಳಿಯಬೇಕು. ಕೌದಿಯನ್ನು ತೊಡೆ ಮೇಲೆ ಇಟ್ಟುಕೊಂಡು ಹೊಲಿಯಬಾರದು. ನಾನು ಅದನ್ನೇ ಮಾಡಿದೆ, ಪ್ಯಾಂಟು ಸೇರಿಸಿ ಹೊಲಿದೆ. ಮಗಳು ಬಿದ್ದು ಬಿದ್ದು ನಕ್ಕಳು. ಬಿಚ್ಚಿ, ನೆಲಕ್ಕೆ ಹಾಸಿ, ಮೂಲೆಗೆ ಕಲ್ಲಿಟ್ಟು ಮತ್ತೆ ಸುರು ಮಾಡಿದೆ. ಹೊಲಿಗೆ ಬಿಚ್ಚಬಾರದು ಅಂತ ದಾರ ಜಗ್ಗಿ ಜಗ್ಗಿ ಎಳೆದೆ. ತೇಪೆ ಒಣದ್ರಾಕ್ಷಿ ಹಾಗೆ ಮುದುಡಿತು.

"ಏ ತಮ್ಮಾ, ಚೀಲ ಹೊಲ್ದಂಗ ಹೊಲೀಬ್ಯಾಡೋ. ದಾರ ಜಗ್ಗಬ್ಯಾಡ, ತಾನೇ ಕುಂದರ್ತದ" ಅಂದಳು ಅವ್ವ.

ಅವ್ವನ ಹಳೆ ಹೊಲಿಗೆ ಅಕ್ಕಿಕಾಳಿನಷ್ಟು, ಅಳತೆ ಹಿಡಿದ ಹಾಗೆ ಸಾಲಾಗಿ ಹೋಗಿದೆ. ನನ್ನದು ಒಂದು ಶೇಂಗಾಕಾಯಿಯಷ್ಟು, ಇನ್ನೊಂದು ಮೆಂತ್ಯಕಾಳಿನಷ್ಟು. ಎರಡು ತಾಸಿಗೆ ಒಂದು ಗೇಣು ಜಾಗ ಮುಗಿಯಿತು. ಬೆರಳ ತುದಿ ತೂತು ತೂತು. ಆದರೆ ಆ ಎರಡು ತಾಸು ಆಫೀಸು ತಲೆಗೆ ಬರಲಿಲ್ಲ. ನಡುವೆ ಒಂದು ಸಲ ಫೋನ್ ಬಂದಿತ್ತಂತೆ. ಅದನ್ನು ಪಡಸಾಲೆಯ ಜೋಳದ ಡಬ್ಬಿ ಮೇಲೆ ಇಟ್ಟಿದ್ದೆ, ಕೇಳಿಸಲಿಲ್ಲ. ಸೋಮವಾರ ವಿಚಾರಿಸಿದರೆ ಅದು ಸೋಮವಾರದ ಕೆಲಸವೇ ಆಗಿತ್ತು.

ಚಾಚಾ ಕಳಿಸಿದ ಸೀತಾಫಲದಲ್ಲಿ ಒಂದು ತಪ್ಪು ಮಾಡಿದೆ. ನಾಲ್ಕು ಕಾಯಿಯನ್ನು ಕೆಡದಿರಲಿ ಅಂತ ಫ್ರಿಜ್‌ನಲ್ಲಿ ಇಟ್ಟೆ. ಮರುದಿನ ಸಿಪ್ಪೆ ಕಪ್ಪಗಾಗಿ ಕಲ್ಲಿನ ಹಾಗೆ ಕೂತಿದ್ದವು, ಕೊನೆಗೂ ಹಣ್ಣಾಗಲಿಲ್ಲ. ಕಾಯಿ ಇರುವಾಗ ಅದಕ್ಕೆ ಥಂಡಿ ಆಗಿ ಬರುವುದಿಲ್ಲ. ಅವ್ವ ಉಳಿದವನ್ನು ಜೋಳದ ಡಬ್ಬಿಯಲ್ಲಿ ಹುಗಿದಿದ್ದಳು. ಕಣ್ಣು ಬಿಟ್ಟು ಸಂದಿಯಲ್ಲಿ ತಿಳಿಹಳದಿ ಕಾಣುತ್ತಿದ್ದ ಎರಡು ಕಾಯಿ ಭಾನುವಾರ ಮಧ್ಯಾಹ್ನಕ್ಕೇ ಬೆರಳು ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾದವು. ಕಣ್ಣು ಬಿಡದೇ ಹಸಿರಾಗೇ ಇದ್ದವು ಇನ್ನೆರಡು ದಿನ ಬೇಕು ಅಂದವು. ದಕ್ಷಿಣ ಬಾಗಿಲ ಬಿಸಿಲಿನಲ್ಲಿ, ಸೀಮೆಸುಣ್ಣದ ಗೆರೆಯ ಈಚೆಗೆ ಕೂತು ನಾಲ್ಕು ಜನ ಎರಡು ಹಣ್ಣು ತಿಂದೆವು. ಬೀಜ ಎಣಿಸುವ ಪಂದ್ಯದಲ್ಲಿ ಹೆಂಡತಿ ಗೆದ್ದಳು. ಅವಳು ನುಂಗುವುದಿಲ್ಲ, ನಾನು ನುಂಗಿಬಿಡುತ್ತೇನೆ.

ಊಟದ್ದು ಹೆಚ್ಚು ಹೇಳುವುದಿಲ್ಲ. ರೊಟ್ಟಿ ಕೇಂದ್ರದಿಂದ ಶುಕ್ರವಾರವೇ ಕಡಕ್ ರೊಟ್ಟಿ ತಂದಿಟ್ಟಿದ್ದೆವು. ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿದ ಪುಂಡಿ ಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ. ಶನಿವಾರ ಹುಳಿ ಮುಂದಿತ್ತು, ಭಾನುವಾರ ಎಲ್ಲ ಹೊಂದಿಕೊಂಡು ಇನ್ನೂ ರುಚಿಯಾಗಿತ್ತು. ಇನ್ನು ಭಜಿ. ಭಾನುವಾರ ಸಂಜೆ ಮಾಳಿಗೆ ಮೇಲೆ ಬಿಸಿಲು ಕೆಂಪಾಗುತ್ತಿದ್ದಾಗ ಹೆಂಡತಿ ತಾನಾಗಿಯೇ ಎದ್ದು, "ಹಿಟ್ಟು ನೀವು ಕಲಸ್ರಿ, ನಾ ಕರೀತೀನಿ" ಅಂದಳು. ಹತ್ತೇ ಹತ್ತು ಮಿರ್ಚಿ. ಮಾಳಿಗೆಗೆ ಬರುವಷ್ಟರಲ್ಲಿ ಮೂರು ಖಾಲಿ.

ರಾತ್ರಿ ಹೊರಡುವ ತನಕ ಕೌದಿ ಮುಗಿಯಲಿಲ್ಲ. ಒಂದು ಮೂಲೆ ಇನ್ನೂ ಬಾಕಿ. ದಾರ ಕತ್ತರಿಸದೇ ಸೂಜಿಯನ್ನು ಅಲ್ಲೇ ಚುಚ್ಚಿಟ್ಟು, ಮುಂದಿನ ಶನಿವಾರ ಬಂದು ಮಾಡುತ್ತೇನೆ ಅಂದು ಬಸ್ ಹತ್ತಿದೆ. ಬಸ್ಸು ಜಹೀರಾಬಾದ್ ದಾಟುವ ಹೊತ್ತಿಗೆ ಅವ್ವನ ಫೋನ್.

"ಆ ಸೂಜಿ ತಗದೀನಿ ನೋಡು, ಹುಡುಗಿಗಿ ಚುಚ್ಚೀತು. ಬಂದ ಮ್ಯಾಲ ನೀನೇ ಮತ್ತ ಪೋಣಿಸ್ಕೊ."