ಅಂಬಾಸಿಡರಿಗೆ ಡಬಲ್ ಕಾರ್ಬೊರೇಟರ್ ಕೂರಿಸುವವರಿಗೆ

ಹಳೇ ಅಂಬಾಸಿಡರಿನ 1489 ಸಿಸಿ ಇಂಜಿನ್ ಉಂಟಲ್ಲ, ಅದೇ ಬಿಎಂಸಿ ಅನ್ನುವ ಬ್ರಿಟಿಷ್ ಕಂಪೆನಿಯ ಬಿ-ಸೀರೀಸ್ ಇಂಜಿನ್, 1955ರ ಎಂಜಿಎ ಸ್ಪೋರ್ಟ್ಸ್ ಕಾರಲ್ಲಿ ಎರಡು ಎಸ್‌ಯು ಕಂಪೆನಿಯ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಹಾಕಿಯೇ ಬರ್ತಿತ್ತು ಮಾರ್ರೆ, ಹಾಗಾಗಿ ಮ್ಯಾನಿಫೋಲ್ಡ್ (ಕಾರ್ಬೊರೇಟರನ್ನು ಇಂಜಿನ್ನಿಗೆ ಜೋಡಿಸುವ ಪೈಪು) ಸಮೇತ ಸಿಕ್ಕಿದ್ರೆ ಬಿಡ್ಬೇಡಿ. ಆದ್ರೆ ಮೊದ್ಲು ಥ್ರಾಟಲ್ ಶಾಫ್ಟ್ (ಕಾರ್ಬೊರೇಟರಿನ ಗಾಳಿ ಬಾಗಿಲು ತಿರುಗಿಸುವ ಕಡ್ಡಿ) ಅಲ್ಲಾಡಿಸಿ ನೋಡಿ, ಲೂಸ್ ಇದ್ರೆ ಅಲ್ಲಿಂದ ಗಾಳಿ ಎಳೆದು ಐಡ್ಲಿಂಗ್ ನಿಲ್ಲುದೇ ಇಲ್ಲ, ನಾನು ಇದು ಗೊತ್ತಿಲ್ದೆ ಒಂದು ಮಳೆಗಾಲ ಪೂರ್ತಿ ಸ್ಕ್ರೂ ತಿರುಗಿಸಿದ್ದೇನೆ. ಟ್ಯಾಪೆಟ್ (ವಾಲ್ವಿನ ಗ್ಯಾಪ್), ಟೈಮಿಂಗ್ (ಸ್ಪಾರ್ಕ್ ಬರುವ ಸಮಯ) ಸರಿ ಮಾಡಿದ್ಮೇಲೆ ಎರಡು ಕಾರ್ಬೊರೇಟರಿನ ನಡುವಿನ ಲಿಂಕೇಜ್ (ಎರಡನ್ನೂ ಒಟ್ಟಿಗೆ ತೆರೆಯುವ ಜೋಡಣೆ) ಸಡಿಲ ಮಾಡಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿ ಒಂದೊಂದರ ಬಾಯಿಗೆ ಹಿಡೀರಿ, ಎರಡರದ್ದೂ ಸುಯ್ ಶಬ್ದ ಒಂದೇ ಥರ ಬರುವವರೆಗೆ ಐಡಲ್ ಸ್ಕ್ರೂ ತಿರುಗಿಸಿ ಆಮೇಲೆ ಲಿಂಕೇಜ್ ಟೈಟ್ ಮಾಡಿ. ಮಿಕ್ಸ್ಚರ್ (ಪೆಟ್ರೋಲ್-ಗಾಳಿಯ ಪ್ರಮಾಣ) ಸರಿ ಮಾಡುದು ಅದಾದ ಮೇಲೆ. ಕಾರ್ಬೊರೇಟರಿನ ಮೇಲಿರುವ ಡ್ಯಾಶ್‌ಪಾಟ್ ಅನ್ನುವ ಡಬ್ಬಿಗೆ ಆಯಿಲ್ ಮರೀಬೇಡಿ, ಇಲ್ಲದಿದ್ರೆ ಆಕ್ಸಿಲರೇಟರ್ ಒತ್ತಿದ ಕೂಡ್ಲೆ ಇಂಜಿನ್ ಮುಗ್ಗರಿಸ್ತದೆ. ಪಣಂಬೂರು, ಮಲ್ಪೆ ಬದಿಯವರು ಲಿಂಕೇಜಿಗೆ ಆಗಾಗ ಎಣ್ಣೆ ಬಿಡಿ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡೀತದೆ.